'ಸರ್ವರ್ ಡೌನ್' ಎಂಬ ಉತ್ತರದ ಹಿಂದೆ: ಎರಡು ಸರ್ವರ್‌ಗಳ ನಡುವಿನ ಸೇತುವೆ ಎಷ್ಟು ಗಟ್ಟಿ?

ನಂದೂರ (ಕಲಬುರಗಿ): ಸರ್ಕಾರಿ ಸೇವಾ ಕೇಂದ್ರಗಳ ಕಿಟಕಿಯಲ್ಲಿ ಇಂದು ಅತಿ ಹೆಚ್ಚು ಕೇಳಿಬರುವ ಉತ್ತರವೆಂದರೆ 'ಸರ್ವರ್ ಡೌನ್ ಅದ, ನಾಳೆ ಬರ್ರಿ' ಎಂಬುದು. ಕಮಲಾಪುರದ ರೈತ ಪಹಣಿಗೆ ಬಂದಿರಲಿ, ನಂದೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ ಗುಮಾಸ್ತ ಲಾರಿ ಹೊರಡಿಸಲು ಇ-ವೇ ಬಿಲ್ ಪಡೆಯಲು ಕುಳಿತಿರಲಿ, ಕಲಬುರಗಿಯ ಗೃಹಿಣಿ ಯೋಜನೆಯೊಂದಕ್ಕೆ ಹೆಸರು ನೋಂದಾಯಿಸುತ್ತಿರಲಿ, ಉತ್ತರ ಒಂದೇ. ಸರ್ವರ್ ಎಂದರೇನು, ಅದು ಎಲ್ಲಿ 'ಡೌನ್' ಆಯಿತು, ಯಾರು ಅದಕ್ಕೆ ಹೊಣೆ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಕಿಟಕಿಯ ಆಚೆ ಕುಳಿತವರ ಬಳಿ ಉತ್ತರವಿರುವುದಿಲ್ಲ.

ವಾಸ್ತವದಲ್ಲಿ ಹೀಗೆ ಸ್ಥಗಿತಗೊಂಡ ಎಷ್ಟೋ ಸಂದರ್ಭಗಳಲ್ಲಿ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಜನರೆದುರು ನಿಲ್ಲುವ ವೆಬ್ ಸರ್ವರ್ ಚಾಲನೆಯಲ್ಲಿರುತ್ತದೆ. ಲೆಕ್ಕ ಮಾಡಿ ದಾಖಲೆ ಸಿದ್ಧಪಡಿಸುವ ಅಪ್ಲಿಕೇಶನ್ ಸರ್ವರ್ ಕೂಡ ಚಾಲನೆಯಲ್ಲಿರುತ್ತದೆ. ಕೆಟ್ಟಿರುವುದು ಇವೆರಡರ ನಡುವಿನ ಮಾತುಕತೆ. ಆ ಮಾತುಕತೆಯ ನಿಯಮಾವಳಿಯನ್ನು ತಂತ್ರಜ್ಞರು ಕನೆಕ್ಟರ್ ಪ್ರೋಟೊಕಾಲ್ ಎನ್ನುತ್ತಾರೆ. ಕೋಟ್ಯಂತರ ರೂಪಾಯಿಯ ಯೋಜನೆಗಳಲ್ಲಿ ಇದನ್ನು ಆಯ್ಕೆ ಮಾಡುವ ಕೆಲಸ ಬಹುತೇಕ ಕೊನೆಯ ಗಳಿಗೆಯಲ್ಲಿ, ಹಿಂದಿನ ಯೋಜನೆಯ ಕಡತವನ್ನು ನಕಲು ಮಾಡುವ ಮೂಲಕ ಮುಗಿದುಹೋಗುತ್ತದೆ. ಈ ಸಣ್ಣ ಆಯ್ಕೆಗೆ ತೆರಬೇಕಾದ ಬೆಲೆ ಸಣ್ಣದಲ್ಲ.

ಎರಡು ಸರ್ವರ್, ಒಂದು ಸೇತುವೆ

ದೊಡ್ಡ ಜಾಲತಾಣಗಳು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಕೆಲಸ ಮಾಡುತ್ತವೆ. ಮುಂದಿನ ಹಂತದಲ್ಲಿ ಅಪಾಚೆ ಅಥವಾ ಎಂಜಿನ್‌ಎಕ್ಸ್‌ನಂತಹ ವೆಬ್ ಸರ್ವರ್ ಇರುತ್ತದೆ. ಬಂದವರನ್ನು ಬರಮಾಡಿಕೊಳ್ಳುವುದು, ಗೂಢಲಿಪಿಯ ಸುರಕ್ಷಿತ ಸಂಪರ್ಕ ಕಲ್ಪಿಸುವುದು, ಚಿತ್ರಗಳು ಮತ್ತು ಸಿದ್ಧ ಪುಟಗಳನ್ನು ಕೊಡುವುದು ಅದರ ಕೆಲಸ. ಹಿಂದಿನ ಹಂತದಲ್ಲಿ ಟಾಮ್‌ಕ್ಯಾಟ್‌ನಂತಹ ಅಪ್ಲಿಕೇಶನ್ ಸರ್ವರ್ ಇರುತ್ತದೆ. ದತ್ತಸಂಚಯವನ್ನು ಕೇಳಿ ಉತ್ತರ ಪಡೆದು, ಋಣಭಾರ ಪ್ರಮಾಣಪತ್ರವನ್ನೋ ಪಹಣಿಯನ್ನೋ ಸಿದ್ಧಪಡಿಸುವುದು ಅದರ ಹೊಣೆ. ಹೋಟೆಲಿನ ಮಾಣಿ ಮತ್ತು ಅಡುಗೆಭಟ್ಟರ ಸಂಬಂಧದಂತೆ ಇದು. ಮಾಣಿಯ ಮಾತು ಭಟ್ಟರಿಗೆ ತಲುಪದಿದ್ದರೆ, ಒಲೆ ಉರಿಯುತ್ತಿದ್ದರೂ ಗ್ರಾಹಕನ ಎಲೆ ಖಾಲಿಯೇ.

ಈ ಮಾತು ತಲುಪಿಸಲು ಜಾವಾ ಆಧಾರಿತ ವ್ಯವಸ್ಥೆಗಳಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಒಂದು ಎಜೆಪಿ, ಅಂದರೆ ಅಪಾಚೆ ಜೆಸರ್ವ್ ಪ್ರೋಟೊಕಾಲ್. ಇನ್ನೊಂದು ಅಂತರ್ಜಾಲವೆಲ್ಲ ಬಳಸುವ ಎಚ್‌ಟಿಟಿಪಿಯನ್ನೇ ಒಳಗೂ ಬಳಸುವುದು. ಎಜೆಪಿಯನ್ನು ಅಪಾಚೆಯಲ್ಲಿ ಮಾಡ್-ಜೆಕೆ ಎಂಬ ಘಟಕದ ಮೂಲಕವಾಗಲಿ, 2005ರ ಡಿಸೆಂಬರ್‌ನಲ್ಲಿ ಬಂದ ಅಪಾಚೆ 2.2ರ ಜತೆಗೆ ಸೇರಿದ ಮಾಡ್-ಪ್ರಾಕ್ಸಿ-ಎಜೆಪಿ ಮೂಲಕವಾಗಲಿ ಬಳಸಬಹುದು.

ಸಂಖ್ಯೆಗಳು ಹೇಳುವ ಸತ್ಯ

ಸಾರ್ವಜನಿಕರು ಪರದೆಯ ಮೇಲೆ 502, 503, 504 ಎಂಬ ಸಂಖ್ಯೆಗಳನ್ನು ಕಂಡಿರುತ್ತಾರೆ. ಇವು ಮುಂದಿನ ಸರ್ವರ್ ನೀಡುವ ಹೇಳಿಕೆಗಳು. ಹಿಂದಿನ ಸರ್ವರ್‌ನಿಂದ ಅರ್ಥವಾಗುವ ಉತ್ತರ ಬರಲಿಲ್ಲ ಎಂದರೆ 502. ಸದ್ಯಕ್ಕೆ ಸೇವೆ ನೀಡಲು ಸಾಧ್ಯವಿಲ್ಲ ಎಂದರೆ 503. ಕಾದೂ ಕಾದೂ ಸಮಯ ಮೀರಿತು ಎಂದರೆ 504. ಗಮನಿಸಬೇಕಾದ ಅಂಶವೆಂದರೆ, ಈ ಸಂಖ್ಯೆಯನ್ನು ತೋರಿಸಲು ಮುಂದಿನ ಸರ್ವರ್ ಬದುಕಿರಲೇಬೇಕು. ಹಾಗಾಗಿ ಇವುಗಳಲ್ಲಿ ಯಾವುದೇ ಸಂಖ್ಯೆ ಕಾಣಿಸಿತೆಂದರೆ ತನಿಖೆ ಆರಂಭವಾಗಬೇಕಾದ ಜಾಗ ಸೇತುವೆ ಮತ್ತು ಅದರ ಆಚೆಯ ದಡ. 'ಸರ್ವರ್ ಡೌನ್' ಎಂಬ ಎರಡೇ ಪದಗಳು ಈ ಮೂರು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಲ್ಲಿ ಮುಚ್ಚಿಹಾಕುತ್ತವೆ.

ಎಜೆಪಿ: ಒಂದು ಕಾಲದ ರಾಜಮಾರ್ಗ

ಎಜೆಪಿ ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ. ಗಣಕಗಳ ವೇಗವೂ ಜಾಲದ ಸಾಮರ್ಥ್ಯವೂ ಕಡಿಮೆಯಿದ್ದ ಕಾಲವದು. ಪಠ್ಯರೂಪದ ಎಚ್‌ಟಿಟಿಪಿ ವಿನಂತಿಯನ್ನು ಮುಂದಿನ ಸರ್ವರ್ ಒಮ್ಮೆ ಓದಿ, ಅದನ್ನೇ ಹಿಂದಿನ ಸರ್ವರ್ ಮತ್ತೊಮ್ಮೆ ಓದುವುದು ದುಂದು ಎಂದು ಭಾವಿಸಲಾಯಿತು. ಆದ್ದರಿಂದ ವಿನಂತಿಯನ್ನು ದ್ವಿಮಾನ ರೂಪದ ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುವ ವಿಧಾನ ರೂಪುಗೊಂಡಿತು. ಪದೇ ಪದೇ ಬರುವ ಶೀರ್ಷಿಕೆಗಳಿಗೆ ಪದಗಳ ಬದಲು ಸಂಕೇತ ಸಂಖ್ಯೆಗಳನ್ನು ನೀಡಲಾಯಿತು. ಇಂದಿಗೂ ಬಳಕೆಯಲ್ಲಿರುವ 1.3ನೇ ಆವೃತ್ತಿಯಲ್ಲಿ ಪೊಟ್ಟಣದ ಸಾಮಾನ್ಯ ಗರಿಷ್ಠ ಮಿತಿ 8,192 ಬೈಟ್. ಟಾಮ್‌ಕ್ಯಾಟ್ ಇದಕ್ಕಾಗಿ ಬಳಸುವ ರೂಢಿಯ ಪೋರ್ಟ್ 8009.

ಈ ಮಾರ್ಗಕ್ಕೆ ನಿಜವಾದ ಅನುಕೂಲಗಳಿದ್ದವು. ಬಳಕೆದಾರನ ಮೂಲ ವಿಳಾಸ, ಅವನು ಸುರಕ್ಷಿತ ಸಂಪರ್ಕದಲ್ಲಿ ಬಂದನೇ ಎಂಬ ಮಾಹಿತಿ, ಅವನ ಡಿಜಿಟಲ್ ಪ್ರಮಾಣಪತ್ರದ ವಿವರ ಎಲ್ಲವೂ ಪೊಟ್ಟಣದೊಳಗೇ ಸಾಗುತ್ತವೆ. ಹಿಂದಿನ ಸರ್ವರ್ ಜೀವಂತವಾಗಿದೆಯೇ ಎಂದು ತಿಳಿಯಲು 'ಸಿ-ಪಿಂಗ್' ಎಂದು ಕೂಗಿ 'ಸಿ-ಪಾಂಗ್' ಎಂಬ ಮರುದನಿ ಪಡೆಯುವ ಸರಳ ವ್ಯವಸ್ಥೆಯೂ ಇದೆ. ಹಲವು ಅಪ್ಲಿಕೇಶನ್ ಸರ್ವರ್‌ಗಳ ನಡುವೆ ಭಾರ ಹಂಚುವುದರಲ್ಲಿ ಮಾಡ್-ಜೆಕೆ ಪಳಗಿದ ಕೈ. 2024ರಲ್ಲಿಯೂ ಅದರ ಹೊಸ ಆವೃತ್ತಿ ಬಿಡುಗಡೆಯಾಗಿದೆ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಇನ್ನೊಂದೆಡೆ, ಹೊಸದೆಂಬ ಒಂದೇ ಕಾರಣಕ್ಕೆ ಅಪ್ಪಿಕೊಳ್ಳುವುದೂ ಅಪಾಯಕರ. ಮಾಡ್-ಜೆಕೆಯ ಉತ್ತರಾಧಿಕಾರಿಯಾಗಬೇಕಿದ್ದ ಮಾಡ್-ಜೆಕೆ2 ಯೋಜನೆಯನ್ನು ಅಪಾಚೆ ತಂಡವೇ 2004ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಅದನ್ನು ನಂಬಿದ್ದವರು ಹಳೆಯದಕ್ಕೇ ಮರಳಬೇಕಾಯಿತು.

2020ರ ಎಚ್ಚರಿಕೆ ಗಂಟೆ

ಎಜೆಪಿಯ ದೊಡ್ಡ ದೌರ್ಬಲ್ಯ ಅದು ಇಟ್ಟುಕೊಂಡಿದ್ದ ನಂಬಿಕೆಯಲ್ಲಿತ್ತು. ಈ ಬಾಗಿಲಿಗೆ ಬರುವವನು ನಮ್ಮದೇ ಮುಂದಿನ ಸರ್ವರ್, ಬೇರೆ ಯಾರೂ ಅಲ್ಲ ಎಂದು ಅದು ಭಾವಿಸುತ್ತಿತ್ತು. ಟಾಮ್‌ಕ್ಯಾಟ್‌ನ ಮೂಲ ಸಂರಚನೆಯಲ್ಲಿ ಈ ಬಾಗಿಲು ವರ್ಷಗಟ್ಟಲೆ ತಾನಾಗಿಯೇ ತೆರೆದಿರುತ್ತಿತ್ತು, ಅದೂ ಎಲ್ಲ ದಿಕ್ಕಿಗೂ. 2020ರ ಫೆಬ್ರುವರಿಯಲ್ಲಿ ಚೀನಾದ ಚೈಟಿನ್ ಟೆಕ್ ಸಂಸ್ಥೆಯ ಸಂಶೋಧಕರು ಇದರ ಪರಿಣಾಮವನ್ನು ಬಯಲಿಗೆಳೆದರು. 'ಘೋಸ್ಟ್‌ಕ್ಯಾಟ್' ಎಂದು ಹೆಸರಾದ ಈ ಲೋಪದ ಮೂಲಕ ಹೊರಗಿನವನೊಬ್ಬ ಅಪ್ಲಿಕೇಶನ್‌ನ ಒಳಗಿನ ಸಂರಚನಾ ಕಡತಗಳನ್ನು ಓದಬಹುದಾಗಿತ್ತು. ಕಡತಗಳನ್ನು ಅಪ್‌ಲೋಡ್ ಮಾಡಲು ಅವಕಾಶವಿರುವ ತಾಣಗಳಲ್ಲಂತೂ ತನ್ನದೇ ಆದೇಶಗಳನ್ನು ಅಲ್ಲಿ ಚಲಾಯಿಸಬಹುದಾಗಿತ್ತು. ತೀವ್ರತೆಯ ಅಳತೆಗೋಲಿನಲ್ಲಿ 10ಕ್ಕೆ 9.8 ಅಂಕ ಪಡೆದ ಲೋಪವಿದು.

ಟಾಮ್‌ಕ್ಯಾಟ್ ತಂಡ 9.0.31, 8.5.51 ಹಾಗೂ 7.0.100 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿತು. ಅಂದಿನಿಂದ ಎಜೆಪಿ ಬಾಗಿಲು ಮೂಲ ಸಂರಚನೆಯಲ್ಲಿ ಮುಚ್ಚಿರುತ್ತದೆ. ತೆರೆದರೂ ಅದೇ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುತ್ತದೆ, ಮತ್ತು ಗುಪ್ತಪದವನ್ನು ಕಡ್ಡಾಯವಾಗಿ ಕೇಳುತ್ತದೆ. ಆದರೆ ಆ ಗುಪ್ತಪದವೂ ತಂತಿಯ ಮೇಲೆ ಗೂಢಲಿಪಿಯಿಲ್ಲದೆ ಸಾಗುತ್ತದೆ. ಎಜೆಪಿಗೆ ತನ್ನದೇ ಆದ ಗೂಢಲಿಪಿ ವ್ಯವಸ್ಥೆಯೇ ಇಲ್ಲ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಒಂದು ವಿನಂತಿಯೊಳಗೆ ಮತ್ತೊಂದನ್ನು ಅಡಗಿಸಿ ಸಾಗಿಸುವ ಲೋಪಗಳು ಅಪಾಚೆಯ ಮಾಡ್-ಪ್ರಾಕ್ಸಿ-ಎಜೆಪಿಯಲ್ಲಿ ಕಂಡುಬಂದು, 2022 ಹಾಗೂ 2023ರಲ್ಲಿ ತಿದ್ದುಪಡಿಯಾದವು. 2023ರ ಅಕ್ಟೋಬರ್‌ನಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಉಪಕರಣಗಳ ಆಡಳಿತ ಪುಟಕ್ಕೆ ಗುರುತು ಹೇಳದೆ ನುಗ್ಗುವ ದಾರಿ ಬಯಲಾದಾಗ, ಅದರ ಮೂಲವೂ ಇದೇ ಎಜೆಪಿ ಸೇತುವೆಯಾಗಿತ್ತು. ಜಾಲ ಭದ್ರತೆಯ ಉಪಕರಣಗಳನ್ನೇ ತಯಾರಿಸುವ ಕಂಪನಿಗೆ ಈ ಗತಿಯಾದರೆ, ಜಿಲ್ಲಾ ಕಚೇರಿಯ ಮೂಲೆಯಲ್ಲಿ ವರ್ಷಗಳಿಂದ ಯಾರೂ ಮುಟ್ಟದ ಸರ್ವರ್‌ನ ಗತಿಯೇನು? ಟಾಮ್‌ಕ್ಯಾಟ್ 7ಕ್ಕೆ 2021ರ ಮಾರ್ಚ್‌ನಲ್ಲಿ, 8.5ಕ್ಕೆ 2024ರ ಮಾರ್ಚ್‌ನಲ್ಲಿ ಅಧಿಕೃತ ಬೆಂಬಲ ನಿಂತುಹೋಗಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಎಚ್‌ಟಿಟಿಪಿ: ಎಲ್ಲರಿಗೂ ಗೊತ್ತಿರುವ ಭಾಷೆ

ಎರಡನೆಯ ಮಾರ್ಗದಲ್ಲಿ ಮುಂದಿನ ಸರ್ವರ್ ತಾನು ಪಡೆದ ವಿನಂತಿಯನ್ನು ಎಚ್‌ಟಿಟಿಪಿಯಲ್ಲಿಯೇ ಹಿಂದಕ್ಕೆ ದಾಟಿಸುತ್ತದೆ. ಮುಖ್ಯ ಲಾಭ ಸಾರ್ವತ್ರಿಕತೆ. ಅಪಾಚೆಯೂ ಎಂಜಿನ್‌ಎಕ್ಸ್ ಕೂಡ ಇದನ್ನು ಬಲ್ಲವು. ಮೋಡಗಣಕ ಕಂಪನಿಗಳ ಭಾರ ಹಂಚಿಕೆ ಸೇವೆಗಳೂ ಇದನ್ನೇ ಆಡುತ್ತವೆ. ಎಂಜಿನ್‌ಎಕ್ಸ್‌ನ ಮೂಲ ತಂತ್ರಾಂಶಕ್ಕೆ ಎಜೆಪಿ ಬರುವುದೇ ಇಲ್ಲ. ಸೇತುವೆಯ ಮೇಲೆ ಏನು ಸಾಗುತ್ತಿದೆ ಎಂಬುದನ್ನು ಸಾಮಾನ್ಯ ಉಪಕರಣಗಳಿಂದ ಕಣ್ಣಾರೆ ಓದಬಹುದಾದ್ದರಿಂದ ದೋಷ ಪತ್ತೆಯೂ ಸುಲಭ. ಎರಡು ಯಂತ್ರಗಳು ಬೇರೆ ಬೇರೆ ಜಾಗದಲ್ಲಿದ್ದರೆ ಎಚ್‌ಟಿಟಿಪಿಎಸ್ ಬಳಸಿ ನಡುವಿನ ಹಾದಿಗೂ ಗೂಢಲಿಪಿಯ ರಕ್ಷಣೆ ಒದಗಿಸಬಹುದು.

ಇದರಲ್ಲಿ ತೊಡಕಿಲ್ಲವೆಂದಲ್ಲ. ಹಿಂದಿನ ಸರ್ವರ್‌ಗೆ ಎಲ್ಲ ವಿನಂತಿಗಳೂ ಮುಂದಿನ ಸರ್ವರ್‌ನಿಂದಲೇ ಬಂದಂತೆ ಕಾಣುತ್ತವೆ. ಬಳಕೆದಾರನ ನಿಜ ವಿಳಾಸವನ್ನು ಪ್ರತ್ಯೇಕ ಶೀರ್ಷಿಕೆಯಲ್ಲಿ ಕಳುಹಿಸಬೇಕು. ಟಾಮ್‌ಕ್ಯಾಟ್ ಆ ಶೀರ್ಷಿಕೆಯನ್ನು ತನ್ನ ಮುಂದಿನ ಸರ್ವರ್‌ನಿಂದ ಬಂದಾಗ ಮಾತ್ರ ನಂಬುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ವಿಳಾಸ ಬರೆದು ಕಳುಹಿಸಬಹುದು. ಕೆಲವೇ ಸಾಲುಗಳ ಕೆಲಸವಿದು, ಆದರೆ ಅದನ್ನು ಮರೆತ ತಾಣದಲ್ಲಿ ದಾಳಿಕೋರನ ಜಾಡು ಹಿಡಿಯುವುದು ಅಸಾಧ್ಯವಾಗುತ್ತದೆ.

ವೇಗದಲ್ಲಿ ಎಜೆಪಿಯೇ ಮುಂದು ಎಂಬ ಹಳೆಯ ವಾದಕ್ಕೆ ಈಗ ಹೆಚ್ಚು ತೂಕವಿಲ್ಲ. ಪುಟವೊಂದು ತಡವಾಗುವುದು ದತ್ತಸಂಚಯದ ಹುಡುಕಾಟದಲ್ಲಿ. ಶೀರ್ಷಿಕೆಗಳನ್ನು ಕಿರಿದುಗೊಳಿಸಿ ಉಳಿಸಿದ ಕೂದಲೆಳೆಯಷ್ಟು ಸಮಯ ಕಾಯುವ ನಾಗರಿಕನ ಅರಿವಿಗೇ ಬರುವುದಿಲ್ಲ.

ಕಾವೇರಿ ಕಲಿಸಿದ ಲೆಕ್ಕ

ಯಾವ ಭಾಷೆಯಲ್ಲಿ ಮಾತನಾಡಿದರೂ ಸೇತುವೆಯ ಅಗಲದ ಲೆಕ್ಕ ತಪ್ಪಿದರೆ ಉಳಿಗಾಲವಿಲ್ಲ. ರಾಜ್ಯದ ಇತ್ತೀಚಿನ ಅನುಭವಗಳೇ ಇದಕ್ಕೆ ನಿದರ್ಶನ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2024ರ ಡಿಸೆಂಬರ್ ಹಾಗೂ 2025ರ ಜನವರಿಯಲ್ಲಿ ಪದೇ ಪದೇ ಸ್ಥಗಿತಗೊಂಡು, ರಾಜ್ಯದಾದ್ಯಂತ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಪರದಾಡಿದರು. ಇದು ಉದ್ದೇಶಪೂರ್ವಕ ದಾಳಿ ಎಂದು ಸರ್ಕಾರ ಹೇಳಿತು. 62 ಇ-ಮೇಲ್ ಖಾತೆಗಳು ಹಾಗೂ 14 ಐಪಿ ವಿಳಾಸಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ವಿನಂತಿಗಳ ಸುರಿಮಳೆಯಾಯಿತು, ಎರಡು ಗಂಟೆಗಳಲ್ಲಿ 6.2 ಲಕ್ಷ ದುರುದ್ದೇಶದ ವಿನಂತಿಗಳು ಬಂದವು ಎಂಬುದು ಅಂದು ಹೊರಬಿದ್ದ ವಿವರ.

ಆರು ಲಕ್ಷ ಎಂಬುದು ಕೇಳಲು ಭಾರಿ ಸಂಖ್ಯೆ. ಆದರೆ ಎರಡು ಗಂಟೆಯ 7,200 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 86 ವಿನಂತಿಗಳಾಗುತ್ತವೆ. ಇಷ್ಟಕ್ಕೆ ದೊಡ್ಡ ವ್ಯವಸ್ಥೆಯೊಂದು ಹೇಗೆ ಕುಸಿಯಬಲ್ಲದು ಎಂಬುದನ್ನು ಒಂದು ಉದಾಹರಣೆಯ ಲೆಕ್ಕದಿಂದ ತಿಳಿಯಬಹುದು. ಟಾಮ್‌ಕ್ಯಾಟ್‌ನಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಎಳೆಗಳ ಮೂಲ ಮಿತಿ 200. ಪ್ರತಿ ವಿನಂತಿ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿದರೆ ಸೆಕೆಂಡಿಗೆ ಸಾವಿರ ವಿನಂತಿಗಳನ್ನು ನಿಭಾಯಿಸಬಹುದು. ಅದೇ ಹುಡುಕಾಟಕ್ಕೆ ಐದು ಸೆಕೆಂಡು ಹಿಡಿದರೆ ಸಾಮರ್ಥ್ಯ ಸೆಕೆಂಡಿಗೆ 40ಕ್ಕೆ ಇಳಿಯುತ್ತದೆ. 86 ಬರುವಲ್ಲಿ 40 ಮಾತ್ರ ಮುಗಿದರೆ ಉಳಿದವು ಸೇತುವೆಯ ಮೇಲೆ ಸಾಲುಗಟ್ಟುತ್ತವೆ. ಒಂದೇ ಬಗೆಯ ಹುಡುಕಾಟ ಎಲ್ಲ ಎಳೆಗಳನ್ನೂ ಆಕ್ರಮಿಸಿಕೊಂಡಾಗ, ಅದಕ್ಕೆ ಸಂಬಂಧವೇ ಇಲ್ಲದ ಸೇವೆಗಳೂ ಉಸಿರುಗಟ್ಟುತ್ತವೆ.

ಮುಂದಿನ ಸರ್ವರ್‌ಗಳ ಸಂಖ್ಯೆ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಒಂದೊಂದು 256 ಸಂಪರ್ಕ ತೆರೆಯಬಲ್ಲ ನಾಲ್ಕು ಅಪಾಚೆಗಳನ್ನು 200 ಎಳೆಗಳ ಒಂದೇ ಟಾಮ್‌ಕ್ಯಾಟ್‌ಗೆ ಜೋಡಿಸಿದರೆ, ಸಾವಿರಕ್ಕೂ ಮಿಕ್ಕಿ ಸಂಪರ್ಕಗಳು ಇನ್ನೂರು ಕೈಗಳಿಗಾಗಿ ಕಾದಾಡುತ್ತವೆ. ಹಳೆಯ ಟಾಮ್‌ಕ್ಯಾಟ್‌ಗಳಲ್ಲಿ ಎಜೆಪಿಯ ಪ್ರತಿ ಸಂಪರ್ಕವೂ ಸುಮ್ಮನಿದ್ದಾಗಲೂ ಒಂದು ಎಳೆಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹೀಗಾಗಿ ಯಂತ್ರದ ಮೇಲೆ ಭಾರವೇ ಇಲ್ಲದ ಹೊತ್ತಿನಲ್ಲೂ ತಾಣ ಹೆಪ್ಪುಗಟ್ಟುವ ವಿಚಿತ್ರ ಸನ್ನಿವೇಶ ಉಂಟಾಗುತ್ತಿತ್ತು. ಮೂಲ ಪರಿಹಾರವೆಂದರೆ ಎರಡೂ ಬದಿಯ ಮಿತಿಗಳನ್ನು ಒಂದಕ್ಕೊಂದು ಹೊಂದಿಸುವುದು, ನಿಧಾನದ ಹುಡುಕಾಟಗಳಿಗೆ ಪ್ರತ್ಯೇಕ ಕೋಟಾ ನೀಡುವುದು ಮತ್ತು ಒಂದೇ ವಿಳಾಸದಿಂದ ಬರುವ ವಿನಂತಿಗಳಿಗೆ ಮುಂಬಾಗಿಲಲ್ಲೇ ಕಡಿವಾಣ ಹಾಕುವುದು.

ಜನಸಂದಣಿ ಸದಾ ದಾಳಿಯ ರೂಪದಲ್ಲಿಯೇ ಬರಬೇಕೆಂದಿಲ್ಲ. ಕಲಬುರಗಿಯಲ್ಲಿಯೇ 2023ರ ಆಗಸ್ಟ್ 5ರಂದು ವಿಧ್ಯುಕ್ತ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಗೆ ಆ ವರ್ಷದ ಜೂನ್ 18ರಂದು ಸೇವಾ ಸಿಂಧು ಮೂಲಕ ನೋಂದಣಿ ಆರಂಭವಾದಾಗ, ಸರ್ವರ್ ಸಮಸ್ಯೆಯ ದೂರುಗಳು ರಾಜ್ಯದ ಎಲ್ಲೆಡೆಯಿಂದ ಬಂದವು. ಅದಕ್ಕೂ ಹಿಂದೆ, 2018ರ ಫೆಬ್ರುವರಿ 1ರಂದು ದೇಶಾದ್ಯಂತ ಇ-ವೇ ಬಿಲ್ ಕಡ್ಡಾಯವಾದ ದಿನವೇ ಜಾಲತಾಣ ತತ್ತರಿಸಿ, ಕೇಂದ್ರ ಸರ್ಕಾರ ಅದೇ ದಿನ ಆದೇಶವನ್ನು ಮುಂದೂಡಬೇಕಾಯಿತು. ಏಪ್ರಿಲ್ 1ರಂದು ಅದು ಮರಳಿ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅನ್ವಯಿಸಿದ ರಾಜ್ಯ ಕರ್ನಾಟಕ. ಈ ಘಟನೆಗಳಿಗೆಲ್ಲ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೆ ಜನ ಬರುವ ದಿನ ಮೊದಲೇ ಗೊತ್ತಿದ್ದೂ, ಆ ಭಾರವನ್ನು ಸೇತುವೆಯ ಮೇಲೆ ಹೇರಿ ಪರೀಕ್ಷಿಸದೇ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಇವು ಪಾಠಗಳು.

ಹಣ ಎರಡು ಬಾರಿ ಕಡಿತವಾದರೆ?

ಸ್ಥಗಿತಕ್ಕಿಂತಲೂ ಗಂಭೀರವಾದ ಇನ್ನೊಂದು ಅಪಾಯವಿದೆ. ನಾಗರಿಕನೊಬ್ಬ ಶುಲ್ಕ ಪಾವತಿಸುತ್ತಾನೆ. ವಿನಂತಿ ಸೇತುವೆ ದಾಟಿ ಹೋಗುತ್ತದೆ, ಉತ್ತರ ಬರುವುದು ತಡವಾಗುತ್ತದೆ. ಮುಂದಿನ ಸರ್ವರ್ ತಾಳ್ಮೆಗೆಟ್ಟು ಅದೇ ವಿನಂತಿಯನ್ನು ಇನ್ನೊಂದು ಅಪ್ಲಿಕೇಶನ್ ಸರ್ವರ್‌ಗೆ ಮತ್ತೆ ಕಳುಹಿಸಿದರೆ ಪಾವತಿ ಎರಡು ಬಾರಿ ದಾಖಲಾಗಬಹುದು. ಎಂಜಿನ್‌ಎಕ್ಸ್ 2016ರಿಂದ ಈಚಿನ ಆವೃತ್ತಿಗಳಲ್ಲಿ ಇಂತಹ ವಿನಂತಿಗಳನ್ನು ತಾನಾಗಿ ಮರುಕಳುಹಿಸುವುದಿಲ್ಲ. ಮಾಡ್-ಜೆಕೆಯಲ್ಲಿ ಮಾತ್ರ ಇದನ್ನು ನಿರ್ವಾಹಕರೇ ಆಯ್ಕೆ ಮಾಡಿ ತಡೆಯಬೇಕು, ಮೂಲ ಸಂರಚನೆ ಮರುಪ್ರಯತ್ನದ ಪರವಾಗಿದೆ. ಕಡತ ನಕಲು ಮಾಡುವ ಅಭ್ಯಾಸ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಡುವೆ ಕಾವಲು ಕಾಯುವ ಫೈರ್‌ವಾಲ್‌ನಿಂದಲೂ ತೊಂದರೆಯುಂಟು. ಬಹಳ ಹೊತ್ತು ಸುಮ್ಮನಿರುವ ಸಂಪರ್ಕಗಳನ್ನು ಅದು ಸದ್ದಿಲ್ಲದೆ ಕತ್ತರಿಸುತ್ತದೆ. ಮುಂದಿನ ಸರ್ವರ್‌ಗೆ ಇದು ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಕಚೇರಿ ತೆರೆದಾಗ ಅದು ಸತ್ತ ಸಂಪರ್ಕದ ಮೇಲೆ ವಿನಂತಿ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಾ ಕುಳಿತಿರುತ್ತದೆ. ಬೆಳಗಿನ ಮೊದಲ ಅರ್ಧ ಗಂಟೆ ಮಾತ್ರ ಕಾಡಿ, ಆಮೇಲೆ ತಾನಾಗಿಯೇ ಸರಿಯಾಗುವ ತೊಂದರೆಗಳ ಹಿಂದೆ ಈ ಕಾರಣವಿರುವ ಸಾಧ್ಯತೆ ಹೆಚ್ಚು. ಎಜೆಪಿಯಲ್ಲಿ ಸಿ-ಪಿಂಗ್ ಪರೀಕ್ಷೆ, ಎಚ್‌ಟಿಟಿಪಿಯಲ್ಲಿ ನಿಯತ ಆರೋಗ್ಯ ತಪಾಸಣೆ ಹಾಗೂ ಫೈರ್‌ವಾಲ್ ಕತ್ತರಿಸುವ ಮೊದಲೇ ಸುಮ್ಮನಿರುವ ಸಂಪರ್ಕಗಳನ್ನು ಮುಚ್ಚುವ ಏರ್ಪಾಟು ಇದಕ್ಕೆ ಪರಿಹಾರ.

ಹಾಗಾದರೆ ಆಯ್ಕೆ ಯಾವುದು?

ಹೊಸದಾಗಿ ಕಟ್ಟುವ ಯಾವುದೇ ವ್ಯವಸ್ಥೆಗೆ ಎಚ್‌ಟಿಟಿಪಿ ಮಾರ್ಗವೇ ವಿವೇಕದ ಆಯ್ಕೆ. ಎರಡು ಯಂತ್ರಗಳ ನಡುವಿನ ಜಾಲ ಸಂಪೂರ್ಣ ನಮ್ಮ ಹಿಡಿತದಲ್ಲಿಲ್ಲದಿದ್ದರೆ ಎಚ್‌ಟಿಟಿಪಿಎಸ್ ಕಡ್ಡಾಯವಾಗಲಿ. ಈಗಾಗಲೇ ಎಜೆಪಿಯ ಮೇಲೆ ಸುಗಮವಾಗಿ ನಡೆಯುತ್ತಿರುವ ತಾಣವನ್ನು ರಾತ್ರೋರಾತ್ರಿ ಕಿತ್ತೆಸೆಯಬೇಕಾಗಿಲ್ಲ. ಆದರೆ 8009ನೇ ಬಾಗಿಲು ಹೊರಜಗತ್ತಿಗೆ ಕಾಣದಂತಿರಬೇಕು, ಗುಪ್ತಪದವಿರಬೇಕು, ಟಾಮ್‌ಕ್ಯಾಟ್ ಮತ್ತು ಅಪಾಚೆ ಎರಡೂ ಬೆಂಬಲವಿರುವ ಆವೃತ್ತಿಗಳಾಗಿರಬೇಕು. ಈ ಮೂರರಲ್ಲಿ ಒಂದನ್ನು ಪೂರೈಸಲಾಗದಿದ್ದರೂ ಎಜೆಪಿಯನ್ನು ಬಿಡುವುದೇ ಲೇಸು.

ಇಲ್ಲಿ ಹಣದ ಪ್ರಶ್ನೆ ಬರುವುದಿಲ್ಲ. ಅಪಾಚೆ, ಟಾಮ್‌ಕ್ಯಾಟ್, ಎಂಜಿನ್‌ಎಕ್ಸ್ ಮೂರೂ ಮುಕ್ತ ತಂತ್ರಾಂಶಗಳು. ಬೇಕಾಗಿರುವುದು ಕಾಲ ಮಿತಿ, ಸಂಪರ್ಕ ಮಿತಿ, ಮರುಪ್ರಯತ್ನದ ನಿಯಮಗಳನ್ನು ಕುಳಿತು ಯೋಚಿಸಿ ಬರೆದಿಡುವ ಎಂಜಿನಿಯರ್ ಮತ್ತು ಅದನ್ನು ಬರೆದಿಟ್ಟಿದ್ದೀರಾ ಎಂದು ಕೇಳುವ ಅಧಿಕಾರಿ. ಸರ್ಕಾರಿ ಟೆಂಡರ್‌ಗಳಲ್ಲಿ ಯಂತ್ರದ ಸ್ಮೃತಿ, ಡಿಸ್ಕ್, ಪ್ರೊಸೆಸರ್‌ಗಳ ವಿವರ ಪುಟಗಟ್ಟಲೆ ಇರುತ್ತದೆ. ಸೇತುವೆಯ ಬಗ್ಗೆ ಒಂದು ಪುಟ ಸೇರಿಸಿದರೂ ಸಾಕು: ಯಾವ ಪ್ರೋಟೊಕಾಲ್, ಏಕೆ, ಎಷ್ಟು ಭಾರಕ್ಕೆ ಪರೀಕ್ಷಿಸಲಾಗಿದೆ, ಹಿಂದಿನ ಸರ್ವರ್ ತಡಮಾಡಿದಾಗ ನಾಗರಿಕನಿಗೆ ಏನು ಕಾಣಿಸುತ್ತದೆ. ಸ್ಥಗಿತಗೊಂಡ ಪ್ರತಿ ಬಾರಿಯೂ 502, 503, 504ರಲ್ಲಿ ಯಾವುದು ಎಷ್ಟು ಹೊತ್ತು ಕಾಣಿಸಿಕೊಂಡಿತು ಎಂಬ ವರದಿ ಸಾರ್ವಜನಿಕರಿಗೆ ಸಿಗುವಂತಾದರೆ, 'ಸರ್ವರ್ ಡೌನ್' ಎಂಬ ಮಾತಿಗೆ ಮೊದಲ ಬಾರಿಗೆ ಉತ್ತರದಾಯಿತ್ವ ಅಂಟಿಕೊಳ್ಳುತ್ತದೆ.

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೆ ಮಾದರಿಯಾದ ರಾಜ್ಯ ನಮ್ಮದು. ಅಂದು ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇದ್ದ ದಾಖಲೆಗಳು ಇಂದು ಕೇಂದ್ರೀಕೃತ ವ್ಯವಸ್ಥೆಯಲ್ಲಿವೆ. ಅಂದು ಒಂದು ತಾಲ್ಲೂಕಿನ ಗಣಕ ಕೆಟ್ಟರೆ ಆ ತಾಲ್ಲೂಕಿಗೆ ಮಾತ್ರ ತೊಂದರೆಯಾಗುತ್ತಿತ್ತು. ಇಂದು ರಾಜಧಾನಿಯಲ್ಲಿ ಎರಡು ಸರ್ವರ್‌ಗಳ ನಡುವಿನ ಮಾತು ನಿಂತರೆ ಬೀದರಿನಿಂದ ಚಾಮರಾಜನಗರದವರೆಗೆ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಕಮಲಾಪುರದಿಂದ ಕೂಲಿ ಬಿಟ್ಟು ಬಂದವನಿಗೆ ಅಂದಿನ ದುಡಿಮೆಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ನಂದೂರಿನ ಗಿರಣಿಯೆದುರು ಬೇಳೆ ತುಂಬಿ ನಿಂತ ಲಾರಿಯ ಬಾಡಿಗೆ ಏರುತ್ತಲೇ ಹೋಗುತ್ತದೆ. ಈ ನಷ್ಟ ಯಾವ ಇಲಾಖೆಯ ಲೆಕ್ಕಪತ್ರದಲ್ಲೂ ದಾಖಲಾಗುವುದಿಲ್ಲ. ಆ ಕಾರಣಕ್ಕಾಗಿಯೇ ಸೇತುವೆಯ ಆಯ್ಕೆಯನ್ನು ತಂತ್ರಜ್ಞರ ಒಳಕೋಣೆಯ ವಿಷಯವೆಂದು ಬಿಟ್ಟುಬಿಡದೆ, ಆಡಳಿತದ ಗುಣಮಟ್ಟದ ಪ್ರಶ್ನೆಯಾಗಿ ಕೇಳಬೇಕಾಗಿದೆ.